ಶಾಲೆಯಲ್ಲಿ ಹಾವು ಕಚ್ಚಿದರೆ ಅಪ್ಪಣೆಗೆ ಕಾಯಬೇಡಿ

ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ವಯನಾಡಿನ ಸುಲ್ತಾನ್ ಬತ್ತೇರಿ. 2019ರ ನವೆಂಬರಿನಲ್ಲಿ ಅಲ್ಲಿನ ಶಾಲೆಯೊಂದರ ತರಗತಿಯಲ್ಲೇ ಐದನೇ ಕ್ಲಾಸಿನ ಹುಡುಗಿಗೆ ಹಾವು ಕಚ್ಚಿತು. ನೆಲದಲ್ಲೇ ಬಿಲವಿತ್ತು. ಆಸ್ಪತ್ರೆಗೆ ಹೊರಡುವುದೂ ತಡವಾಯಿತು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮಗು ಉಳಿಯಲಿಲ್ಲ.

ಇಂಥ ಹೊತ್ತಲ್ಲಿ ಮೇಷ್ಟ್ರ ಕೈಕಾಲು ಆಡದಿರುವುದು ಪ್ರಥಮ ಚಿಕಿತ್ಸೆ ಗೊತ್ತಿಲ್ಲವೆಂದಷ್ಟೇ ಅಲ್ಲ. ಕಚ್ಚಿದ್ದು ಹಾವೋ, ಮೊಳೆ ತಗುಲಿತೋ? ಮನೆಯವರು ಬರಲಿ ಅನ್ನಬೇಕೇ? ಯಾರ ಗಾಡಿ? ಈ ಮೂರಕ್ಕೂ ಉತ್ತರ ಶಾಲೆ ಶುರುವಾಗುವ ಜೂನ್‌ನಲ್ಲೇ ತೀರ್ಮಾನವಾಗಿರಬೇಕು: ಅನುಮಾನ ಬಂದರೆ ಹಾವೇ ಎಂದು ತಿಳಿದು ಹೊರಡುವುದು, ಮನೆಯವರು ನೇರ ಆಸ್ಪತ್ರೆಗೆ ಬರುವುದು, 108 ತಡವೆಂದರೆ ಗೊತ್ತುಮಾಡಿಟ್ಟ ಗಾಡಿ.

ಯಾವ ಆಸ್ಪತ್ರೆಗೆ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಫೋನ್ ಮಾಡಿ, ‘ಪ್ರತಿವಿಷ ಎಷ್ಟು ವಯಲ್ ಇದೆ, ಡಾಕ್ಟರ್ ಎಷ್ಟು ಗಂಟೆವರೆಗೆ ಇರ್ತಾರೆ’ ಎಂದೇ ಕೇಳಬೇಕು. ವಯಲ್ ಅಂದರೆ ಮದ್ದಿನ ಪುಟ್ಟ ಸೀಸೆ; ಮೊದಲ ಡೋಸಿಗೇ ಸಾಮಾನ್ಯವಾಗಿ 8ರಿಂದ 10 ಹೋಗುತ್ತದೆ. ಮಗುವೆಂದು ಕಡಿಮೆ ಸಾಲದು. ಹಾವು ಮಕ್ಕಳಿಗೆಂದು ವಿಷ ಕಡಿಮೆ ಬಿಡುವುದಿಲ್ಲ.

ಮಗುವನ್ನು ನಡೆಸಬೇಡಿ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿಕೊಳ್ಳಿ. ಶೂ, ಸಾಕ್ಸು, ಕಾಲ್ಗೆಜ್ಜೆ ತಕ್ಷಣ ತೆಗೆಯಿರಿ. ಊತ ಏರಿದ ಮೇಲೆ ಗೆಜ್ಜೆ ಮಾಂಸದೊಳಗೆ ಹೂತುಕೊಳ್ಳುತ್ತದೆ. ಕಾಲು ಅಲುಗದಂತೆ ಉದ್ದನೆಯ ಮರದ ಪಟ್ಟಿ ಇಟ್ಟು ವೇಲಿನಿಂದ ಸಡಿಲವಾಗಿ ಸುತ್ತಿ, ಒಳಗೆ ಬೆರಳು ಆಡಬೇಕು. ಹಗ್ಗ ಬಿಗಿಯುವುದು ಮಾತ್ರ ಬೇಡವೇ ಬೇಡ. ಕೊಳಕುಮಂಡಲದ ವಿಷ ಕಟ್ಟಿದ ಜಾಗದಲ್ಲೇ ನಿಂತು ಮಾಂಸ ಕೊಳೆಸುತ್ತದೆ. ಯಾರಾದರೂ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ತಡೆದಿದ್ದ ವಿಷ ಒಮ್ಮೆಲೇ ಏರಬಹುದು. ಅದು ಡಾಕ್ಟರ ಎದುರೇ ಆಗಲಿ. ಕೊಯ್ಯುವುದು, ಚೀಪುವುದು, ಐಸ್ ಇಡುವುದು ಯಾವುದೂ ಬೇಡ. ಹಾವು ಹಿಡಿಯಲು ಹೋಗಲೇಬೇಡಿ.

ಕಚ್ಚಿದ ಸಮಯವನ್ನು ಮಗುವಿನ ಅಂಗೈ ಮೇಲೆ ಪೆನ್ನಿನಲ್ಲಿ ಬರೆಯಿರಿ. ದಾರಿಯುದ್ದಕ್ಕೂ ಮಾತಾಡಿಸುತ್ತಿರಿ: ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ ನಾಗರಹಾವು ಅಥವಾ ಕಟ್ಟುಹಾವಿನ ಲಕ್ಷಣ, ಉಸಿರಾಟ ನಿಲ್ಲಬಹುದು. ಕಟ್ಟುಹಾವು ಕಚ್ಚಿದಲ್ಲಿ ನೋವು, ಊತ ಇಲ್ಲದೆಯೂ ಇರಬಹುದು, ಅದಕ್ಕೇ ‘ಏನೂ ಆಗಿಲ್ಲ’ ಎನ್ನಬಾರದು. ವಾಂತಿ ಬಂದರೆ ಎಡಮಗ್ಗುಲಿಗೆ ತಿರುಗಿಸಿ.

ಇದನ್ನು ಒಮ್ಮೆ ಗಡಿಯಾರ ಹಿಡಿದು ಮಾಡಿ ನೋಡಿ. ಎಲ್ಲಿ ಎಡವುತ್ತೀರಿ ಎಂಬುದು ಆಗ ಗೊತ್ತಾಗುತ್ತದೆ: ಗಾಡಿ ಮುಂದೆ ಇನ್ನೊಂದು ಬೈಕು ನಿಂತಿರುತ್ತದೆ, ಆಸ್ಪತ್ರೆಯ ನಂಬರು ರಜೆಯಲ್ಲಿರುವ ಹೆಡ್‌ಮಾಸ್ಟರ ಫೋನಿನಲ್ಲಿರುತ್ತದೆ, ಉಳಿದ ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲ. ಆ ದಿನವೇ ನೆಲದ ಬಿರುಕುಗಳಿಗೂ ಸಿಮೆಂಟು ತುಂಬಿಸಿ.