ಎಂಟು ಸೆಕೆಂಡು ಮುಗಿದ ಮೇಲೆ

ಕೆನಡಾದ ಎಡ್ಮಂಟನ್‌ನಿಂದ ಕ್ಯಾಲ್ಗರಿಗೆ ಸುಮಾರು 300 ಕಿಲೋಮೀಟರ್. ಜುಲೈ ತಿಂಗಳಲ್ಲಿ ಹೆದ್ದಾರಿಯ ಎರಡೂ ಬದಿಗೆ ಕನೋಲಾ ಎಂಬ ಎಣ್ಣೆಕಾಳಿನ ಬೆಳೆ ಹೂಬಿಟ್ಟು, ಕಣ್ಣು ಹಾಯುವಷ್ಟು ದೂರ ಹಳದಿಯೋ ಹಳದಿ. ಮಗಳು ಅದನ್ನೇ ತೋರಿಸುತ್ತಿದ್ದಳು. ನಾನು ಮುಂದೆ ಹೋಗುತ್ತಿದ್ದ ಕುದುರೆ ಟ್ರೇಲರ್‌ಗಳನ್ನು ನೋಡುತ್ತಿದ್ದೆ. ರೆಡ್ ಡೀರ್ ಬಳಿಯ ಪೆಟ್ರೋಲ್ ಬಂಕಿನಲ್ಲಿ ಅಂಥದೊಂದು ಟ್ರೇಲರ್ ನಮ್ಮ ಪಕ್ಕಕ್ಕೇ ಬಂದು ನಿಂತಿತು. ಅದರ ಒಡತಿ ಮೊದಲು ಕುದುರೆಯ ಹಗ್ಗ ಸಡಿಲಿಸಿ, ಅದು ತಲೆ ತಗ್ಗಿಸಲು ಬಿಟ್ಟರು. ಆಮೇಲೆ ನೀರಿನ ಬಕೆಟ್ ಹಿಡಿದರು. ತಮ್ಮ ಕಾಫಿಗೆ ಹೋದದ್ದು ಅದೆಲ್ಲ ಆದ ಮೇಲೆಯೇ. ತಲೆ ಎತ್ತಿ ಕಟ್ಟಿದ ಕುದುರೆ ಗಂಟೆಗಟ್ಟಲೆ ಪ್ರಯಾಣ ಮಾಡಿದರೆ ಶ್ವಾಸನಾಳದೊಳಗೆ ಸೇರಿದ ಧೂಳು ಮತ್ತು ಲೋಳೆ ಹೊರಗೆ ಬರುವುದಿಲ್ಲ, ಶ್ವಾಸಕೋಶದ ಸೋಂಕಿಗೆ ದಾರಿಯಾಗುತ್ತದೆ. ಆ ಹೆಣ್ಣುಮಗಳಿಗೆ ಇದು ಗೊತ್ತಿತ್ತು. ಪಶುವೈದ್ಯನಾಗಿ ಆಯುಷ್ಯ ಕಳೆದ ನನಗೆ ಅಂದಿನ ದಿನ ಅಲ್ಲಿಂದಲೇ ಶುರುವಾಯಿತು.

ವಿಜಯಪುರದ ಕಡೆ ನಾನು ನೋಡಿದ ಕುದುರೆಗಳೆಂದರೆ ಹೆಚ್ಚಿನವು ಟಾಂಗಾ ಕುದುರೆಗಳು. ಜೀನಿನ ಹುಣ್ಣು, ಸವೆದ ಲಾಳ, ಹೊಟ್ಟೆಶೂಲೆ. ದುಡಿದು ದಣಿದ ಪ್ರಾಣಿಗಳು. ಮನರಂಜನೆಗಾಗಿ ಕುದುರೆಯನ್ನು ಕುಣಿಸುತ್ತಾರೆ ಎಂದಾಗ ನನಗೆ ಅನುಮಾನ ಇದ್ದೇ ಇತ್ತು. ಅಳಿಯಂದಿರು ಟಿಕೆಟ್ ತಂದು, "ಮಾವ, ನೀವು ಒಮ್ಮೆ ಕಣ್ಣಾರೆ ನೋಡಿ, ಆಮೇಲೆ ಹೇಳಿ" ಎಂದರು.

ಕ್ಯಾಲ್ಗರಿ ಸ್ಟ್ಯಾಂಪೀಡ್ 1912ರಲ್ಲಿ ಆರಂಭವಾದ ಉತ್ಸವ. ಜುಲೈನಲ್ಲಿ ಹತ್ತು ದಿನ ಇಡೀ ಊರಿಗೇ ಊರು ದೊಡ್ಡ ಹ್ಯಾಟು, ಬೂಟು ತೊಟ್ಟು ಓಡಾಡುತ್ತದೆ. ಬ್ಯಾಂಕಿನ ಗುಮಾಸ್ತರೂ ಅದೇ ವೇಷದಲ್ಲಿರುತ್ತಾರೆ. ಬೀದಿಯಲ್ಲಿ ಪುಕ್ಕಟೆ ಪ್ಯಾನ್‌ಕೇಕ್ ಹಂಚುತ್ತಾರೆ. ನಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಕಾಣುವ ಹಿಗ್ಗು ಅಲ್ಲಿಯ ಜನರ ಮುಖದಲ್ಲೂ ಕಂಡಿತು. ಮೊದಲ ವರ್ಷದ ಆ ಉತ್ಸವದಲ್ಲಿ ಸೈಕ್ಲೋನ್ ಎಂಬ ಹೆಸರುವಾಸಿ ಒರಟು ಕುದುರೆಯ ಮೇಲೆ ಕೂತು ಗೆದ್ದವನು ಅಲ್ಲಿಯ ಮೂಲನಿವಾಸಿಗಳಾದ ಕೈನಾಯಿ ಬುಡಕಟ್ಟಿನ ಟಾಮ್ ಥ್ರೀ ಪರ್ಸನ್ಸ್. ಗೋಮಾಳಗಳೆಲ್ಲ ಯಾರದಾಗಿದ್ದವೋ ಆ ಜನರ ಮನೆಯ ಮಗ ಗೆದ್ದ ಎನ್ನುವುದು ನನಗೆ ಬಹಳ ಹಿಡಿಸಿತು. ಎಲ್ಬೋ ನದಿಯ ದಂಡೆಯಲ್ಲಿ ಆ ಸಮುದಾಯಗಳವರು ಇಂದಿಗೂ ತಮ್ಮ ಟೀಪಿ ಡೇರೆಗಳನ್ನು ಹಾಕುತ್ತಾರೆ.

ಮಧ್ಯಾಹ್ನ ರೋಡಿಯೋ, ಅಂದರೆ ದನಗಾಹಿಗಳ ಕಸರತ್ತಿನ ಪಂದ್ಯಗಳು. ಬ್ರಾಂಕ್ ಎಂದರೆ ಒದೆದು ಹಾರಿ ಸವಾರನನ್ನು ಕೆಡವುವ ಕುದುರೆ. ಅದರ ಸವಾರಿಯ ನಿಯಮ ಸರಳ: ಕಟಾಂಜನದ ಬಾಗಿಲು ತೆರೆದ ಮೇಲೆ ಎಂಟು ಸೆಕೆಂಡು ಕುದುರೆಯ ಬೆನ್ನ ಮೇಲಿರಬೇಕು, ಒಂದೇ ಕೈಯಲ್ಲಿ ಹಿಡಿದಿರಬೇಕು, ಇನ್ನೊಂದು ಕೈ ಕುದುರೆಗೂ ತಾಗಬಾರದು, ತನ್ನ ಮೈಗೂ ತಾಗಬಾರದು. ನೂರು ಅಂಕಗಳಲ್ಲಿ ಐವತ್ತು ಸವಾರನಿಗೆ, ಐವತ್ತು ಕುದುರೆಗೆ. ಕುದುರೆ ಚೆನ್ನಾಗಿ ಹಾರದಿದ್ದರೆ ಎಂಥ ಸವಾರನೂ ಗೆಲ್ಲಲಾರ. ಅದಕ್ಕೇ 1961ರಿಂದ ಹ್ಯಾನಾ ಊರಿನ ಹತ್ತಿರದ ಸ್ಟ್ಯಾಂಪೀಡ್ ರ‍್ಯಾಂಚಿನಲ್ಲಿ ಇಂಥ ಕುದುರೆಗಳನ್ನೇ ತಳಿ ನೋಡಿ ಬೆಳೆಸುತ್ತಿದ್ದಾರೆ.

ಕುದುರೆ ಒದೆಯಲೆಂದು ಅದರ ಅಳ್ಳೆಗೆ ಕಟ್ಟುವ ಪಟ್ಟಿಯ ಬಗ್ಗೆ ಊರಲ್ಲಿ ಬೇರೆಯೇ ಕಥೆ ಕೇಳಿದ್ದೆ, ವೃಷಣ ಬಿಗಿದು ನೋಯಿಸುತ್ತಾರೆ ಎಂದು. ಅದು ಸುಳ್ಳು. ಪಟ್ಟಿ ಇರುವುದು ಹಿಂಗಾಲಿನ ಮುಂದೆ, ಹೊಟ್ಟೆಯ ಸುತ್ತ. ಒಳಗೆ ಮೆತ್ತನೆಯ ಉಣ್ಣೆ. ಅಖಾಡಕ್ಕೆ ಬರುವ ಕುದುರೆಗಳಲ್ಲಿ ಹೆಣ್ಣುಗಳೂ ಬೀಜ ತೆಗೆದವೂ ಬೇಕಾದಷ್ಟಿವೆ. ಅಭ್ಯಾಸವಿಲ್ಲದ ಜಾಗದಲ್ಲಿ ಏನೋ ತಾಗುತ್ತಿದೆ ಎಂದು ಅವು ಹಿಂಗಾಲು ಝಾಡಿಸುತ್ತವೆ. ಹಾಗೆಂದು ಅವಕ್ಕೆ ಅದು ಇಷ್ಟ ಎಂದೂ ನಾನು ಹೇಳುವುದಿಲ್ಲ. ಕಿರಿಕಿರಿ ಇರುವುದಂತೂ ನಿಜ.

ಜನ ಗಡಿಯಾರ ನೋಡುತ್ತಾರೆ. ನಾನು ಕಾದದ್ದು ಗಂಟೆ ಬಾರಿಸಿದ ಮೇಲಿನ ಗಳಿಗೆಗೆ. ಇಬ್ಬರು ಪಿಕಪ್ ಸವಾರರು ಎರಡು ಬದಿಯಿಂದ ತಮ್ಮ ಕುದುರೆಗಳನ್ನು ತಂದು, ಒದೆಯುತ್ತಿರುವ ಕುದುರೆಗೆ ಮೈ ಒತ್ತಿ ಓಡಿಸುತ್ತಾರೆ. ಒಬ್ಬನ ಸೊಂಟ ಹಿಡಿದು ಸವಾರ ಇಳಿಯುತ್ತಾನೆ. ಇನ್ನೊಬ್ಬ ಬಗ್ಗಿ ಅಳ್ಳೆಯ ಪಟ್ಟಿ ಬಿಚ್ಚುತ್ತಾನೆ. ಪಟ್ಟಿ ಬಿಚ್ಚಿದ ಕುದುರೆ ನಾಲ್ಕು ಹೆಜ್ಜೆಯಲ್ಲಿ ಶಾಂತವಾಗಿ, ಗೊತ್ತಿದ್ದ ಬಾಗಿಲಿಗೆ ತಾನೇ ಹೋಗುತ್ತದೆ. ಪಿಕಪ್ ಸವಾರರಿಗೆ ಅಂಕ ಯಾರೂ ಕೊಡುವುದಿಲ್ಲ. ಒದೆತ ಬೀಳುವ ಅಂತರದಲ್ಲಿ ಹೆದರದೆ ಓಡುವ ಅವರ ಕುದುರೆಗಳನ್ನು ತರಬೇತು ಮಾಡಿದವರ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಎನ್ನಿಸಿತು. ಆ ದಿನ ನಾನು ಕಂಡ ಅತ್ಯುತ್ತಮ ಸವಾರಿ ಅದು.

ಕರುವಿನ ಆಟ ನನಗೆ ಸೇರಲಿಲ್ಲ. ಓಡುವ ಕರುವಿನ ಕೊರಳಿಗೆ ಕುಣಿಕೆ ಎಸೆದು, ಅದು ಹಗ್ಗದ ತುದಿ ಮುಟ್ಟಿ ಜಗ್ಗಿ ಬೀಳುವುದನ್ನು ಕಂಡು ನನ್ನ ಕುತ್ತಿಗೆಯೇ ಬಿಗಿಯಿತು. ಬಯಲಲ್ಲಿ ಮದ್ದು ಹಾಕಲು ಕರು ಹಿಡಿಯುವ ಕೆಲಸಕ್ಕೆ ಅರ್ಥವಿದೆ. ಅಲ್ಲಿ ಯಾರೂ ಸೆಕೆಂಡು ಎಣಿಸುವುದಿಲ್ಲ.

ಸಂಜೆ ಚಕ್‌ವ್ಯಾಗನ್ ಓಟ, ಅಂದರೆ ದನಗಾಹಿಗಳ ಅಡುಗೆ ಬಂಡಿಗಳ ರೇಸು. 1923ರಿಂದ ನಡೆದುಬಂದದ್ದು. ಒಂದೊಂದು ಬಂಡಿಗೆ ನಾಲ್ಕು ಕುದುರೆ. ಪೀಪಾಯಿಗಳನ್ನು ಎಂಟರ ಆಕಾರದಲ್ಲಿ ಸುತ್ತಿ ಟ್ರ್ಯಾಕಿಗೆ ನುಗ್ಗುತ್ತವೆ. ಎಳೆಯುವುದು ರೇಸ್‌ಕೋರ್ಸಿನಿಂದ ನಿವೃತ್ತವಾದ ಥರೋಬ್ರೆಡ್‌ಗಳು, ಕುಣಿಗಲ್ ಫಾರಂನಲ್ಲಿ ನಾವು ನೋಡಿದ ಅದೇ ತಳಿ. ರೇಸು ಮುಗಿದ ಕುದುರೆಗೆ ಎರಡನೆಯ ಬದುಕು ಎಂದು ಬಂಡಿಯವರು ಹೇಳುತ್ತಾರೆ. ನಮ್ಮಲ್ಲಿ ರೇಸು ಬಿಟ್ಟ ಕುದುರೆಗಳ ಗತಿ ಬಲ್ಲ ನಾನು ಆ ಮಾತನ್ನು ತಳ್ಳಿಹಾಕಲಾರೆ. ಆದರೆ 2019ರಲ್ಲಿ ಈ ಓಟಗಳಲ್ಲಿ ಆರು ಕುದುರೆಗಳು ಸತ್ತವು. ಆಮೇಲೆ ಒಂದು ಓಟಕ್ಕೆ ನಾಲ್ಕರ ಬದಲು ಮೂರೇ ಬಂಡಿ ಎಂದು ನಿಯಮ ಬದಲಾಯಿತು. ಓಟಕ್ಕೆ ಮೊದಲು ಪಶುವೈದ್ಯರು ಪ್ರತಿ ಕುದುರೆಯನ್ನೂ ಪರೀಕ್ಷಿಸುತ್ತಾರೆ.

ರಾತ್ರಿ ಹಿಂದಿರುಗುವಾಗ ಕಾರಿನಲ್ಲಿ ದೊಡ್ಡ ಚರ್ಚೆ. ಎಲ್ಲವನ್ನೂ ನಿಲ್ಲಿಸಬೇಕು ಎಂದು ಮಗಳು. ನಿಲ್ಲಿಸಿದರೆ ಆ ಕುದುರೆಗಳನ್ನು ಸಾಕುವವರಾರು ಎಂದು ಅಳಿಯಂದಿರು. ನಾನು ಹೇಳಿದೆ: ಕರುವಿನ ಆಟವನ್ನು ನಾಳೆಯೇ ನಿಲ್ಲಿಸಲಿ, ಅದರಿಂದ ಯಾರ ಬದುಕೂ ಮುಳುಗುವುದಿಲ್ಲ. ಬಂಡಿ ಓಟ ಇರಲಿ, ಆದರೆ ಬೇಡ ಎಂದು ವೈದ್ಯರು ಹೇಳಿದ ಕುದುರೆಯನ್ನು ಎಷ್ಟೇ ಬಹುಮಾನವಿದ್ದರೂ ಹೂಡಬಾರದು. ಬ್ರಾಂಕ್ ಸವಾರಿಯನ್ನು ಮಾತ್ರ ಇನ್ನೊಮ್ಮೆ, ಪಿಕಪ್ ಸವಾರರ ಹತ್ತಿರದ ಸಾಲಿನಲ್ಲಿ ಕೂತು ನೋಡಬೇಕು.

"ಹಾಗಾದರೆ ಅಪ್ಪಾ, ಹಾರುವ ಕುದುರೆಗಳನ್ನೂ ನೋಡಿ" ಎಂದಳು ಮಗಳು. ಕ್ಯಾಲ್ಗರಿಯ ದಕ್ಷಿಣಕ್ಕೆ ಸ್ಪ್ರೂಸ್ ಮೆಡೋಸ್ ಎಂಬ ಜಾಗವಿದೆ. ಸೆಪ್ಟೆಂಬರಿನಲ್ಲಿ ಅಲ್ಲಿ ಜಗತ್ತಿನ ಹೆಸರಾಂತ ಸವಾರರು ತಡೆಗಳನ್ನು ಹಾರಿಸಲು ಬರುತ್ತಾರೆ. ಮನೆ ತಲುಪುವ ಮೊದಲೇ ಅವಳು ಮೊಬೈಲಿನಲ್ಲಿ ಮೂರು ಟಿಕೆಟ್ ಕಾದಿರಿಸಿದಳು.