ನೋವಿಲ್ಲವಲ್ಲ ಡಾಕ್ಟ್ರೇ

"ನೋವೇ ಇಲ್ಲವಲ್ಲ ಡಾಕ್ಟ್ರೇ, ಮತ್ಯಾಕೆ ತುಂಡು ತೆಗೀತೀರಿ?"

ಈ ವಾರವೆಲ್ಲ ಇದೊಂದೇ ಮಾತು ಕಿವಿಯಲ್ಲಿದೆ. ಕೇಳಿದ್ದು ರೋಗಿಯಲ್ಲ, ಜೊತೆಗೆ ಬಂದಿದ್ದ ಅಣ್ಣ. ತಮ್ಮನ ನಾಲಿಗೆಯ ಎಡ ಅಂಚಿನಲ್ಲಿ ಕೆಂಪು-ಬಿಳಿ ಬೆರೆತ ಹುಣ್ಣು, ಮೂರು ತಿಂಗಳ ಹಳೆಯದು. ತಾಗುತ್ತಿದ್ದ ಚೂಪು ಹಲ್ಲನ್ನು ಉಜ್ಜಿಸಿದ್ದಾಗಿತ್ತು, ಮುಲಾಮು, ವಿಟಮಿನ್ ಮಾತ್ರೆ ಎಲ್ಲ ಮುಗಿದಿತ್ತು. ಕಣ್ಣಿಗೆ ಕಾಣುವ ಹುಣ್ಣು ಒಂದೂವರೆ ಸೆಂಟಿಮೀಟರ್. ಗಾಜ್ ಬಟ್ಟೆಯಲ್ಲಿ ನಾಲಿಗೆ ಹಿಡಿದೆಳೆದು ಬೆರಳಿಟ್ಟರೆ ಕೈಗೆ ಸಿಗುವ ಗಟ್ಟಿತನ ಅದಕ್ಕಿಂತ ಅಗಲ. ತಮ್ಮನನ್ನು ಏನು ಕೇಳಿದರೂ ಉತ್ತರ ಅಣ್ಣನಿಂದಲೇ. ಪ್ರೀತಿಗೇನೂ ಕೊರತೆಯಿಲ್ಲ, ಆದರೆ ಇಂಥ ಪ್ರೀತಿಯ ಎದುರು ರೋಗಿಯ ಬಾಯಿಂದ ಒಂದು ವಾಕ್ಯ ಹೊರಡಿಸುವುದೇ ಕಷ್ಟ.

ಪ್ರಶ್ನೆಯೇನೋ ದಡ್ಡತನದ್ದಲ್ಲ. ಆಗಾಗ ಬಂದು ಹೋಗುವ ಸಾದಾ ಬಾಯಿಹುಣ್ಣು ಪ್ರಾಣ ಹಿಂಡುತ್ತದೆ, ಹತ್ತು-ಹದಿನಾಲ್ಕು ದಿನದಲ್ಲಿ ತಾನೇ ಮಾಯುತ್ತದೆ. ಕ್ಯಾನ್ಸರ್ ಹುಣ್ಣು ಶುರುವಿನಲ್ಲಿ ಹೆಚ್ಚಾಗಿ ಸುಮ್ಮನಿರುತ್ತದೆ. ಸೋಂಕು ತಗುಲಿದಾಗ ಇಲ್ಲವೇ ನರಕ್ಕೆ ಕೈ ಹಾಕಿದಾಗ ನೋವು. ಅದಕ್ಕೇ ಬಾಯಿಯ ವಿಷಯದಲ್ಲಿ ನೋಡಬೇಕಾದ್ದು ಕ್ಯಾಲೆಂಡರನ್ನು: ಚುಚ್ಚುವ ಹಲ್ಲನ್ನೋ ಸಡಿಲ ಹಲ್ಲುಸೆಟ್ಟನ್ನೋ ಸರಿಮಾಡಿ ಎರಡು ವಾರವಾದರೂ ಮಾಯದ ಹುಣ್ಣಿಗೆ ಬಯಾಪ್ಸಿ, ಅಂದರೆ ಪರೀಕ್ಷೆಗೆ ತುಂಡು ತೆಗೆಯುವುದು. ಮುಲಾಮು ಬದಲಾಯಿಸುತ್ತಾ ಕೂರುವವರ ಮೇಲೆ, ಅದು ಔಷಧಿ ಅಂಗಡಿಯವರಿರಲಿ ಡಾಕ್ಟರೇ ಇರಲಿ, ನನಗೆ ಸಿಟ್ಟಿದೆ.

ತುಂಡು ತೆಗೆಯುವುದಕ್ಕೂ ಒಂದು ಕ್ರಮವಿದೆ. ಹುಣ್ಣಿನ ನಟ್ಟನಡುವೆ ತೆಗೆದರೆ ಸತ್ತ ಜೀವಕೋಶಗಳಷ್ಟೇ ಸಿಗುತ್ತವೆ, ವರದಿ "ಉರಿಯೂತ" ಎಂದು ಬರುತ್ತದೆ, ಮನೆಯವರು ನಿಟ್ಟುಸಿರು ಬಿಟ್ಟು ಹೊರಟುಬಿಡುತ್ತಾರೆ. ಅಂಚಿನಿಂದ, ಗಟ್ಟಿ ಜಾಗ ಸೇರುವಂತೆ, ಸಾಕಷ್ಟು ಆಳಕ್ಕೆ ತೆಗೆಯಬೇಕು. ಅರಿವಳಿಕೆ ಮದ್ದನ್ನು ಹುಣ್ಣಿನೊಳಗೇ ಚುಚ್ಚಬಾರದು, ಚಿಮಟದಲ್ಲಿ ಹಿಸುಕಬಾರದು, ಸುಟ್ಟು ಕತ್ತರಿಸುವ ಉಪಕರಣ ಬೇಡ. ತುಂಡನ್ನು ಅದರ ಹತ್ತು ಪಟ್ಟು ಶೇ. 10ರ ಫಾರ್ಮಲಿನ್‌ನಲ್ಲಿ, ಅಂದರೆ ಕೆಡದಂತೆ ಕಾಯುವ ದ್ರಾವಣದಲ್ಲಿ, ಹಾಕಬೇಕು. ಸಲೈನ್‌ನಲ್ಲಿ ಕಳಿಸಿದರೆ ದಾರಿಯಲ್ಲೇ ಕೆಡುತ್ತದೆ. ಚಿಕ್ಕದಿದೆ ಎಂದು ಹುಣ್ಣನ್ನು ಪೂರ್ತಿ ಕೆರೆದು ತೆಗೆಯುವುದು ಇನ್ನೊಂದು ಅನಾಹುತ. ಆಮೇಲೆ ಬರುವ ಸರ್ಜನ್‌ಗೆ ಗಡಿ ಎಲ್ಲಿತ್ತೆಂದೇ ತಿಳಿಯುವುದಿಲ್ಲ. "ಕತ್ತರಿ ತಾಗಿದ್ರೆ ಹರಡುತ್ತಂತೆ" ಎಂದೂ ಅಣ್ಣ ಹೇಳಿದರು. ನಾಲಿಗೆಯ ಹುಣ್ಣಿನಲ್ಲಿ ಆ ಭಯಕ್ಕೆ ಹುರುಳಿಲ್ಲ. ಹರಡಲು ಆ ಮೂರು ತಿಂಗಳೇ ಸಾಕಿತ್ತು.

ವರದಿ ಬಂತು, ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಬಾಯಿಯ ಒಳಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್. ಎಂಆರ್‌ಐನಲ್ಲಿ ಅದು ಒಳಗಿಳಿದ ಆಳ 7 ಮಿಲಿಮೀಟರ್. ಮೊದಲಾಗಿದ್ದರೆ ಅಗಲ 2 ಸೆಂಟಿಮೀಟರ್ ದಾಟದ ಇದನ್ನು ಟಿ1, ಅಂದರೆ ಗಡ್ಡೆಯ ಮೊದಲ ಹಂತ, ಎನ್ನುತ್ತಿದ್ದರು. 2018ರಿಂದ ಬಳಕೆಯಲ್ಲಿರುವ ಎಂಟನೇ ಆವೃತ್ತಿಯ ಕ್ಯಾನ್ಸರ್ ಹಂತಗಳ ವರ್ಗೀಕರಣದಲ್ಲಿ ಆಳ 5 ಮಿ.ಮೀ. ಮೀರಿದ್ದರಿಂದ ಟಿ2. ಸೂಕ್ಷ್ಮದರ್ಶಕದಡಿ ಈ ಆಳವನ್ನು ಹುಣ್ಣಿನ ತಳದಿಂದಲೋ ಉಬ್ಬಿನ ತುದಿಯಿಂದಲೋ ಅಳೆಯುವುದಿಲ್ಲ. ಪಕ್ಕದ ಆರೋಗ್ಯವಂತ ಪೊರೆಯ ಮಟ್ಟದಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟ ಹಾಗೆ ನೇರ ಕೆಳಕ್ಕೆ ಅಳೆಯಬೇಕು.

ಆಳ ಇಷ್ಟಿದ್ದರೆ ಕ್ಯಾನ್ಸರ್ ಹರಡಬಹುದಾದ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ (ಲಿಂಫ್ ಗ್ರಂಥಿಗಳನ್ನು) ತೆಗೆಯಬೇಕು ಎಂದಾಗ ಮತ್ತೆ ಅದೇ ಮಾತು: "ಅಲ್ಲಿ ಗಂಟೂ ಇಲ್ಲ, ನೋವೂ ಇಲ್ಲವಲ್ಲ?" ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಗಂಟು ಕಾಣದಿದ್ದರೂ ಮೊದಲೇ ಕುತ್ತಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ. 80, ಗಂಟು ಬಂದ ಮೇಲೆ ಮಾಡೋಣ ಎಂದು ಕಾದವರಲ್ಲಿ ಶೇ. 67.5. ಅಂಕಿ ಹೇಳಿದ ಮೇಲೆ ಅಣ್ಣ ಸುಮ್ಮನಾದರು. ತಮ್ಮ ಆಗ ಮೊದಲ ಸಲ ಬಾಯಿ ಬಿಟ್ಟು, "ಮಾತಾಡೋಕೆ ಆಗುತ್ತಾ?" ಎಂದ. ಕೇಳಬೇಕಾದ ಪ್ರಶ್ನೆ ಅದು. ಹುಣ್ಣಿನ ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿ ಕತ್ತರಿಸಿದರೂ ತುಂಡು ಕುಗ್ಗುವುದರಿಂದ ವರದಿಯಲ್ಲಿ 5 ಮಿ.ಮೀ. ಕ್ಯಾನ್ಸರಿಲ್ಲದ ಅಂಚು ಉಳಿದರೆ ಸಮಾಧಾನ. ಇಷ್ಟು ನಾಲಿಗೆ ಹೋದರೆ ಮೊದಲು ತೊದಲುತ್ತದೆ, ಅಭ್ಯಾಸ ಮಾಡಿಸಿದರೆ ಮಾತು ಬಹುಮಟ್ಟಿಗೆ ತಿಳಿಯಾಗುತ್ತದೆ.

ಹಲ್ಲಿನ ವಿಷಯಕ್ಕೂ ಅದೇ ರಾಗ. ವಿಕಿರಣ ಬೇಕಾದರೆ ಒಟ್ಟು 60 ಗ್ರೇ (ವಿಕಿರಣದ ಅಳತೆ), 30 ಸರದಿಯಲ್ಲಿ, ಆಪರೇಷನ್ನಿನ ಆರು ವಾರದೊಳಗೆ ಶುರುವಾಗಬೇಕು. ವಿಕಿರಣ ಬೀಳುವ ಭಾಗದ ಹುಳುಕು ದವಡೆಹಲ್ಲನ್ನು ಈಗಲೇ, ಆಪರೇಷನ್ನಿನ ಅದೇ ಅರಿವಳಿಕೆಯಲ್ಲಿ ಕೀಳುವುದು ಒಳ್ಳೆಯದು. ವಿಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆ ಸಾಯಬಹುದು, ಆ ಅಪಾಯ ಜೀವನಪೂರ್ತಿ ಇರುತ್ತದೆ. "ಆ ಹಲ್ಲು ನೋಯ್ತಿಲ್ಲವಲ್ಲ" ಎಂದರು ಅಣ್ಣ.

ಇದೇ ವಾರ ಇನ್ನೊಬ್ಬ ಹೆಂಗಸಿನದು ಪೂರಾ ಉಲ್ಟಾ ಕತೆ. ಕಿವಿಯ ಮುಂದಿನ ಪರೋಟಿಡ್ ಜೊಲ್ಲುಗ್ರಂಥಿಯಲ್ಲಿ ಗಂಟು, ಜೊತೆಗೆ ನೋವು. ನೋವಿದೆ ಎಂದಮೇಲೆ ಸೋಂಕೇ ಎಂದು ಬೇರೆ ಕಡೆ ಆಂಟಿಬಯೋಟಿಕ್ ಕೊಟ್ಟು ಕಳಿಸಿದ್ದರು. ಜ್ವರವಿಲ್ಲ, ಕೆಂಪಿಲ್ಲ, ಒತ್ತಿದರೆ ನಾಳದಿಂದ ಕೀವಿಲ್ಲ. ಪರೋಟಿಡ್ ಗಂಟುಗಳಲ್ಲಿ ಸುಮಾರು ಶೇ. 80 ಕ್ಯಾನ್ಸರಲ್ಲ, ನಿಧಾನಕ್ಕೆ ಬೆಳೆಯುವ ನೋವಿಲ್ಲದ ಗಡ್ಡೆಗಳು. ಆದ್ದರಿಂದಲೇ ಇಲ್ಲಿ ನೋವು, ಮುಖದ ಒಂದು ಬದಿ ಜೋಲುವುದು, ದಿಢೀರ್ ಬೆಳವಣಿಗೆ, ಇವನ್ನು ಕಂಡರೆ ಕ್ಯಾನ್ಸರ್ ಎಂದೇ ಅನುಮಾನಿಸಬೇಕು. ಮುಖದ ನರ ಈ ಗ್ರಂಥಿಯ ನಡುವೆಯೇ ಹಾಯುವುದರಿಂದ ನಾಲಿಗೆಯಲ್ಲಿ ಮಾಡಿದಂತೆ ಇಲ್ಲಿ ಚಾಕು ಹಾಕಿ ತುಂಡು ತೆಗೆಯುವ ಹಾಗಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಸಣ್ಣ ಸೂಜಿಯಲ್ಲಿ ಜೀವಕೋಶ ಹೀರಬೇಕು. ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಎಂಬ ಜೊಲ್ಲುಗ್ರಂಥಿಯ ಕ್ಯಾನ್ಸರ್ ಇರಬಹುದೆಂದು ವರದಿ ಬಂದಿದೆ. ನರದ ಗುಂಟವೇ ತೆವಳುವ ಗಡ್ಡೆಯದು, ತಲೆಬುರುಡೆಯ ತಳದವರೆಗೂ ಎಂಆರ್‌ಐ ಮಾಡಿಸಬೇಕು. ಆಪರೇಷನ್, ವಿಕಿರಣ ಮುಗಿದು ಐದು ವರ್ಷ ಕಳೆಯಿತೆಂದು ಫೈಲು ಮುಚ್ಚುವಂತಿಲ್ಲ. ಹತ್ತು ವರ್ಷ ದಾಟಿದ ಮೇಲೂ ಶ್ವಾಸಕೋಶದಲ್ಲಿ ಗಂಟು ಕಾಣಿಸಿಕೊಳ್ಳಬಹುದು, ಅದಕ್ಕಾಗಿ ಎದೆಯ ಸ್ಕ್ಯಾನ್ ಆಗಾಗ ನಡೆಯುತ್ತಲೇ ಇರಬೇಕು.