‘ಇದರ ಒರಿಜಿನಲ್ ಎಲ್ಲಿದೆ?’: ಚಾವಡಿಯ ಗೋಡೆಯ ಲಿಥೋಗ್ರಾಫ್ ಬಗ್ಗೆ

ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ, ಬಿಸಿಲು ನೇರವಾಗಿ ಬೀಳದ ಗೋಡೆಯೊಂದರ ಮೇಲೆ, ಸ್ಪೇನಿನ ಜುವಾನ್ ಮಿರೊ ಎಂಬ ಕಲಾವಿದನ ಲಿಥೋಗ್ರಾಫ್ ಚಿತ್ರವೊಂದಿದೆ. ದಪ್ಪ ಕಪ್ಪು ಗೆರೆಗಳು, ಅವುಗಳ ನಡುವೆ ಕೆಂಪು, ಹಳದಿ, ನೀಲಿಯ ತುಣುಕುಗಳು, ಹಕ್ಕಿಯೆಂದರೆ ಹಕ್ಕಿ, ಹೆಂಗಸೆಂದರೆ ಹೆಂಗಸು ಎನ್ನಬಹುದಾದ ಒಂದು ಆಕೃತಿ. ಇದರ ಅರ್ಥವೇನೆಂದು ಕೇಳುವವರು ಅಪರೂಪ. ಬಂದವರಲ್ಲಿ ಹೆಚ್ಚಿನವರು ಕೇಳುವುದು ಬೇರೆಯೇ: ‘ಇದು ಪ್ರಿಂಟಲ್ಲವೇ ಮಾಷ್ಟ್ರೇ? ಒರಿಜಿನಲ್ ಎಲ್ಲಿದೆ? ಪ್ರಿಂಟಿಗೆ ಹಣ ಕೊಡುವುದುಂಟೇ?’ ಇದೇ ಪ್ರಶ್ನೆಗೆ ನಿಂತಲ್ಲಿಯೇ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿರುವುದರಿಂದ, ಪೂರ್ತಿಯಾಗಿ ಒಮ್ಮೆ ಬರೆದಿಡುತ್ತಿದ್ದೇನೆ.

ಒರಿಜಿನಲ್ ಬೇರೆಲ್ಲಿಯೂ ಇಲ್ಲ. ಗೋಡೆಯ ಮೇಲಿರುವ ಹಾಳೆ ಮತ್ತು ಅದರ ಜೊತೆಗೆ ಮುದ್ರಣಗೊಂಡು ಲೋಕದ ಬೇರೆ ಬೇರೆ ಕಡೆ ಚದುರಿಹೋಗಿರುವ ಹಾಳೆಗಳು, ಇವೆಲ್ಲವೂ ಒರಿಜಿನಲ್ಲೇ. ಈ ಮಾತು ಒಗಟಿನಂತೆ ಕೇಳಿಸಬಹುದು. ಆದರೆ ಚಿತ್ರ ಹೇಗೆ ತಯಾರಾಗುತ್ತದೆ ಎಂಬುದನ್ನು ತಿಳಿದವರಿಗೆ ಇದರಲ್ಲಿ ಒಗಟೇನೂ ಇಲ್ಲ.

ಲಿಥೋಗ್ರಾಫ್ ಎಂದರೆ ಕಲ್ಲಚ್ಚು. 18ನೇ ಶತಮಾನದ ಕೊನೆಯಲ್ಲಿ ಬವೇರಿಯಾದ ಆಲೋಯ್ಸ್ ಸೆನೆಫೆಲ್ಡರ್ ಎಂಬ ನಾಟಕಕಾರ ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ತಾನೇ ಅಚ್ಚು ಹಾಕಿಕೊಳ್ಳುವ ಉಪಾಯವನ್ನು ಹುಡುಕುತ್ತಿದ್ದನು. 1796ರಲ್ಲಿ ಒಮ್ಮೆ ಕೈಗೆ ಕಾಗದ ಸಿಗದೆ, ಒಗೆಯಲು ಕೊಡುವ ಬಟ್ಟೆಗಳ ಪಟ್ಟಿಯನ್ನು ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದದ್ದೇ ತನ್ನ ಶೋಧಕ್ಕೆ ದಾರಿಯಾಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬ, ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯೇ ಇದರ ತಳಹದಿ. ಜರ್ಮನಿಯ ಸೋಲ್ನ್‌ಹೋಫೆನ್ ಎಂಬಲ್ಲಿ ದೊರೆಯುವ ನುಣುಪಾದ ಸುಣ್ಣಕಲ್ಲನ್ನು ಮರಳಿನಿಂದ ಉಜ್ಜಿ ಸಮತಟ್ಟು ಮಾಡಿ, ಕಲಾವಿದನು ಅದರ ಮೇಲೆ ಜಿಡ್ಡಿನ ಬಳಪದಿಂದಲೋ ಕುಂಚದಿಂದಲೋ ಚಿತ್ರ ಬರೆಯುತ್ತಾನೆ. ಬಳಿಕ ಸ್ವಲ್ಪ ನೈಟ್ರಿಕ್ ಆಮ್ಲ ಬೆರೆಸಿದ ಗೋಂದಿನ ನೀರನ್ನು ಸವರಿದಾಗ, ಗೆರೆಯಿರುವಲ್ಲಿ ಜಿಡ್ಡು ಕಲ್ಲಿಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಗೆರೆಯಿಲ್ಲದ ಜಾಗ ನೀರನ್ನು ಹೀರಿ ಇಟ್ಟುಕೊಳ್ಳುವಂತಾಗುತ್ತದೆ. ಕಲ್ಲನ್ನು ಒದ್ದೆ ಮಾಡಿ ಶಾಯಿಯ ರೋಲರನ್ನು ಉರುಳಿಸಿದರೆ ಶಾಯಿಯು ಒದ್ದೆಯಿರುವಲ್ಲಿ ನಿಲ್ಲದೆ ಗೆರೆಯನ್ನು ಮಾತ್ರ ಹಿಡಿಯುತ್ತದೆ. ಅದರ ಮೇಲೆ ಹಾಳೆಯನ್ನಿಟ್ಟು ಒತ್ತುಯಂತ್ರದಡಿ ಎಳೆದರೆ ಒಂದು ಪ್ರತಿ ಸಿದ್ಧ. ಪ್ರತಿಯೊಂದು ಹಾಳೆಗೂ ಒದ್ದೆ ಮಾಡುವ, ಶಾಯಿ ಹಚ್ಚುವ ಕೆಲಸ ಮೊದಲಿನಿಂದ ಆಗಬೇಕು. ಬಣ್ಣ ಬೇಕಿದ್ದರೆ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಮತ್ತು ಒಂದೇ ಹಾಳೆ ಅಷ್ಟೂ ಕಲ್ಲುಗಳ ಮೇಲೆ ಕೂದಲೆಳೆಯಷ್ಟೂ ಜರುಗದೆ ಕೂರಬೇಕು. ಕಲ್ಲಿನ ಮೇಲಿರುವ ಚಿತ್ರವು ಎಡಬಲ ಅದಲುಬದಲಾದದ್ದು, ಶಾಯಿ ಹಚ್ಚದಿದ್ದರೆ ಸರಿಯಾಗಿ ಕಾಣಿಸದಷ್ಟು ಮಸುಕು. ನಿಗದಿಯಾದ ಪ್ರತಿಗಳು ಮುಗಿದ ಮೇಲೆ ಆ ಕಲ್ಲನ್ನು ಉಜ್ಜಿ, ಚಿತ್ರವನ್ನು ಅಳಿಸಿ, ಬೇರೊಂದು ಚಿತ್ರಕ್ಕೆ ಬಳಸುತ್ತಾರೆ. ಹೀಗಿರುವಾಗ, ನೋಡಲೆಂದು ಕಲಾವಿದನು ಉದ್ದೇಶಿಸಿದ ಚಿತ್ರ ಯಾವುದು? ಕಾಗದದ ಮೇಲಿರುವುದು ಮಾತ್ರ.

ಈ ವಿದ್ಯೆ ನಮ್ಮ ಕಡೆಗೆ ಹೊಸತೂ ಅಲ್ಲ, ಪರಕೀಯವೂ ಅಲ್ಲ. ಕಾಸರಗೋಡು ಇನ್ನೂ ಕೆನರಾ ಜಿಲ್ಲೆಯ ಭಾಗವಾಗಿದ್ದ ಕಾಲದಲ್ಲಿ, 1841ರಲ್ಲಿ, ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ತಮ್ಮ ಮುದ್ರಣಾಲಯವನ್ನು ಆರಂಭಿಸಿದ್ದು ಕಲ್ಲಚ್ಚಿನಿಂದಲೇ. ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಅದಾಗಿ ನಾಲ್ಕು ವರ್ಷಗಳಿಗೆ ತಲಶ್ಶೇರಿಯಲ್ಲಿ ಅದೇ ಮಿಶನ್‌ನ ಹೆರ್ಮನ್ ಗುಂಡರ್ಟ್ ಹೊರಡಿಸಿದ ಮಲಯಾಳದ ‘ರಾಜ್ಯಸಮಾಚಾರಂ’ ಕೂಡ ಅದೇ ಬಗೆಯದು. ಎರಡೂ ಭಾಷೆಗಳ ನಡುವೆ ಬದುಕುತ್ತಿರುವ ನಮಗೆ ಎರಡರ ಪತ್ರಿಕೋದ್ಯಮವೂ ಕಲ್ಲಿನಿಂದ ಎದ್ದದ್ದೆಂಬುದು ನೆನಪಿರಬೇಕಾಗಿತ್ತು.

ಆದರೂ ‘ಪ್ರಿಂಟು’ ಎಂದೊಡನೆ ನಮ್ಮವರ ಮನಸ್ಸಿಗೆ ನಕಲು ಎಂದೇ ತೋರುವುದಕ್ಕೆ ಕಾರಣವಿದೆ, ಮತ್ತು ಆ ಕಾರಣ ನಮ್ಮ ಹಳೆಯ ಮನೆಗಳ ಗೋಡೆಗಳ ಮೇಲೆಯೇ ಇದೆ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರು ಇಲ್ಲಿನ ಎಷ್ಟೋ ಮನೆಗಳ ದೇವರ ಕೋಣೆಗಳನ್ನು ತಲುಪಿದ್ದಾರೆ. ಕೆಲವಕ್ಕೆ ಮನೆಯ ಹೆಂಗಸರು ಜರಿಯನ್ನೂ ಚಮಕಿಯನ್ನೂ ಹೊಲಿದು ಸೀರೆ ಉಡಿಸಿದ್ದಾರೆ. ಅವೂ ಕಲ್ಲಚ್ಚುಗಳೇ, ಹಲವು ಕಲ್ಲುಗಳಿಂದ ಬಣ್ಣದ ಮೇಲೆ ಬಣ್ಣ ಒತ್ತಿದಂಥವು. ಆದರೆ ಅಲ್ಲಿ ಮೊದಲು ರವಿವರ್ಮನ ತೈಲಚಿತ್ರ ಇರುತ್ತಿತ್ತು, ಅದನ್ನು ನೋಡಿಕೊಂಡು ನುರಿತ ಕುಶಲಕರ್ಮಿಗಳು ಕಲ್ಲುಗಳನ್ನು ಸಿದ್ಧಪಡಿಸುತ್ತಿದ್ದರು. ಅಂದರೆ ‘ಒರಿಜಿನಲ್ ಎಲ್ಲಿದೆ’ ಎಂಬ ಪ್ರಶ್ನೆಯನ್ನು ಆ ಲಕ್ಷ್ಮಿಯ ಮುಂದೆ ನಿಂತು ಕೇಳಿದರೆ ಅದಕ್ಕೊಂದು ಅರ್ಥವುಂಟು. ಮಿರೊವಿನ ಹಾಳೆಯ ಮುಂದೆ ಅದೇ ಪ್ರಶ್ನೆಗೆ ನೆಲೆಯಿಲ್ಲ, ಏಕೆಂದರೆ ಕಲ್ಲಿಗಿಂತ ಮೊದಲು ಬೇರೊಂದು ಚಿತ್ರವೇ ಇರಲಿಲ್ಲ. (ಹಳೆಯ ರವಿವರ್ಮ ಪ್ರಿಂಟುಗಳನ್ನು ಈಗ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಅಟ್ಟದಲ್ಲಿ ಇದ್ದರೆ ಗುಜರಿಯವನಿಗೆ ಹಾಕಬೇಡಿ.)

ಮಿರೊ ಗುರುತಿಸಿಕೊಂಡಿದ್ದ ಸರ್ರಿಯಲಿಸಂ ಎಂಬ ಕಲಾಪಂಥದವರಿಗೆ ಈ ಕಲ್ಲು ಒಗ್ಗಿದ್ದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. 1924ರಲ್ಲಿ ಪ್ಯಾರಿಸಿನಲ್ಲಿ ಕವಿ ಆಂದ್ರೆ ಬ್ರೆತೋನ್ ಪ್ರಕಟಿಸಿದ ಆ ಪಂಥದ ಪ್ರಣಾಳಿಕೆಯು, ಬುದ್ಧಿಯ ಕಾವಲಿಲ್ಲದೆ ಒಳಮನಸ್ಸಿನಿಂದ ಬಂದದ್ದನ್ನು ಬಂದಂತೆ ಹೊರಬಿಡುವುದನ್ನೇ ಕಲೆಯ ಮಾರ್ಗವಾಗಿ ಸಾರಿತು. ತಾಮ್ರದ ತಗಡನ್ನು ಉಳಿಯಿಂದ ಕೊರೆಯುವವನ ಕೈ ನಿಧಾನವಾಗಿಯೇ ಚಲಿಸಬೇಕಾಗುತ್ತದೆ. ಕಲ್ಲಿನ ಮೇಲಾದರೋ ಕುಂಚ ಹರಿದಂತೆ ಹರಿಯಬಹುದು, ದ್ರವದ ಶಾಯಿ ತನಗೆ ಬೇಕಾದಂತೆ ಹರಡಿ ಬಲೆಬಲೆಯಾಗಿ ಒಣಗಬಹುದು, ಆ ಆಕಸ್ಮಿಕವೂ ಅಚ್ಚಿನಲ್ಲಿ ಹಾಗೆಯೇ ಮೂಡುತ್ತದೆ. ಮಿರೊ 1944ರಲ್ಲಿ ಬಾರ್ಸಿಲೋನಾದಲ್ಲಿ ಹೊರತಂದ 50 ಕಪ್ಪು-ಬಿಳುಪು ಲಿಥೋಗ್ರಾಫ್‌ಗಳ ಮಾಲಿಕೆಯಲ್ಲಿ ಯುದ್ಧಕಾಲದ ರೋಷ ಆ ಗೆರೆಗಳ ಓಟದಲ್ಲಿಯೇ ಗೊತ್ತಾಗುತ್ತದೆ. ಮುಂದೆ ಪ್ಯಾರಿಸಿನ ಮೂರ್ಲೋ ಮುದ್ರಣಾಲಯದ ಕುಶಲಕರ್ಮಿಗಳ ಜೊತೆ ಸೇರಿ ಅವನು ಬಣ್ಣದಲ್ಲಿ ಮಾಡಿದ ಕೆಲಸ ಇನ್ನೂ ದೊಡ್ಡದು. ಅವನ ಜೀವಮಾನದ ಲಿಥೋಗ್ರಾಫ್‌ಗಳು ಸಾವಿರವನ್ನು ಮೀರುತ್ತವೆ.

ಇನ್ನು ಬೆಲೆ. ಆ 50 ಚಿತ್ರಗಳ ಮಾಲಿಕೆಯನ್ನು ಅಚ್ಚು ಹಾಕಿದ್ದು ಬೆರಳೆಣಿಕೆಯಷ್ಟು ಪ್ರತಿಗಳಲ್ಲಿ. ಅದು ನಮ್ಮಂಥವರ ಕನಸಿಗೂ ನಿಲುಕುವುದಲ್ಲ. 75 ಅಥವಾ 100 ಪ್ರತಿ ತೆಗೆದು, ಕಲಾವಿದನು ಒಂದೊಂದಕ್ಕೂ ಸಹಿ ಹಾಕಿದ ಹಾಳೆಗಳು ಬೆಲೆಯಲ್ಲಿ ಅದರ ನಂತರದವು. ಇವಲ್ಲದೆ, ಕಲಾಪತ್ರಿಕೆಗಳ ಮತ್ತು ಪುಸ್ತಕಗಳ ಒಳಗೆ ಸೇರಿಸಲೆಂದೇ ಮೂರ್ಲೋ ಮುದ್ರಣಾಲಯದಲ್ಲಿ ಸಾವಿರಾರು ಪ್ರತಿಗಳಲ್ಲಿ ತೆಗೆದ, ಸಹಿಯೂ ಸಂಖ್ಯೆಯೂ ಇಲ್ಲದ ಲಿಥೋಗ್ರಾಫ್‌ಗಳಿವೆ. ನನ್ನದು ಈ ಮೂರನೆಯ ಬಗೆಯದು: ಮಿರೊವಿನ ಲಿಥೋಗ್ರಾಫ್‌ಗಳ ಸೂಚಿಯಾಗಿ (ವಿವರಗಳುಳ್ಳ ಪಟ್ಟಿಯಾಗಿ) 1972ರಲ್ಲಿ ಪ್ರಕಟವಾದ ದೊಡ್ಡ ಸಂಪುಟದೊಳಗೆ ಅವನೇ ಅದಕ್ಕಾಗಿ ರಚಿಸಿದ ಕೆಲವು ಲಿಥೋಗ್ರಾಫ್‌ಗಳಿದ್ದವು, ಅವುಗಳಲ್ಲಿ ಒಂದು ಹಾಳೆ. ದುಬೈಯಲ್ಲಿದ್ದ ಅಳಿಯನ ಮೂಲಕ ತರಿಸಿಕೊಂಡೆ. ಒಂದು ಕ್ವಿಂಟಾಲ್ ಅಡಿಕೆಗೆ ಬರುವ ಹಣಕ್ಕಿಂತ ಹೆಚ್ಚೇನೂ ಆಗಲಿಲ್ಲ ಎಂದರೆ, ಲಕ್ಷಗಳನ್ನು ಊಹಿಸಿಕೊಂಡು ಬಂದವರಿಗೆ ಸ್ವಲ್ಪ ನಿರಾಸೆಯೇ ಆಗುತ್ತದೆ.

‘ಸಹಿ ಇಲ್ಲದಿದ್ದರೆ ಅಸಲಿ ಎಂದು ನಂಬುವುದು ಹೇಗೆ?’ ಎಂಬುದು ಅಲ್ಲಿಂದ ಹುಟ್ಟುವ ಪ್ರಶ್ನೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ರೂಢಿಗೆ ವಿರುದ್ಧವಾದದ್ದು: ಸಹಿಯನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು. ಅದಕ್ಕೆ ಸರ್ರಿಯಲಿಸಂನ ಇನ್ನೊಬ್ಬ ಕಲಾವಿದ ಸಾಲ್ವಡಾರ್ ಡಾಲಿಯ ಕಥೆಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮುಂದೆ ಏನನ್ನು ಅಚ್ಚು ಹಾಕುತ್ತಾರೆಂಬ ಗೊಡವೆಯಿಲ್ಲದೆ ಡಾಲಿ ಖಾಲಿ ಹಾಳೆಗಳಿಗೆ ಸಹಿ ಹಾಕಿಕೊಟ್ಟು ಹಣ ಪಡೆಯುತ್ತಿದ್ದನು. 1974ರಲ್ಲಿ ಅಂಡೋರಾ ಎಂಬ ಪುಟ್ಟ ದೇಶದಿಂದ ಫ್ರಾನ್ಸಿಗೆ ಬರುತ್ತಿದ್ದ ವಾಹನವೊಂದನ್ನು ಸುಂಕದವರು ತಡೆದಾಗ ಅದರಲ್ಲಿ ಅವನ ಸಹಿಯಿದ್ದ 40,000 ಖಾಲಿ ಹಾಳೆಗಳಿದ್ದವು. ಹಾಗಾಗಿ ಸಹಿ ಡಾಲಿಯದೇ, ಚಿತ್ರ ಮಾತ್ರ ಅವನದಲ್ಲ ಎಂಬಂಥ ಪ್ರಿಂಟುಗಳು ಇಂದಿಗೂ ಮಾರುಕಟ್ಟೆಯಲ್ಲಿ ಸುತ್ತುತ್ತಿವೆ. ಸಹಿಯೂ ಖೋಟಾ ಆಗಿರುವವು ಬೇರೆ. ಇಲ್ಲಿ ಸಹಿಗಿಂತ ಕಾಗದವೇ ನಂಬಲರ್ಹ ಸಾಕ್ಷಿ. ಫ್ರಾನ್ಸಿನ ಆರ್ಶ್ ಎಂಬ ಹತ್ತಿಕಾಗದದ ತಯಾರಕರು 1980ರ ಸುಮಾರಿಗೆ ತಮ್ಮ ವಾಟರ್‌ಮಾರ್ಕಿಗೆ (ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಗುರುತಿಗೆ), ಮಲಗಿಸಿದ ಎಂಟರಂತೆ ಕಾಣುವ ಅನಂತದ ಚಿಹ್ನೆಯನ್ನು ಸೇರಿಸಿದರು. ಅದೇ ಹೊತ್ತಿಗೆ ಡಾಲಿಯು ಅನಾರೋಗ್ಯದಿಂದ ಪ್ರಿಂಟುಗಳಿಗೆ ಸಹಿ ಹಾಕುವುದನ್ನು ನಿಲ್ಲಿಸಿದ್ದನು. ಆದ್ದರಿಂದ 1960ರ ದಶಕದ್ದೆಂದು ಮಾರಾಟಕ್ಕಿಟ್ಟ ಡಾಲಿ ಲಿಥೋಗ್ರಾಫನ್ನು ಬೆಳಕಿಗೆ ಹಿಡಿದಾಗ ಆ ಚಿಹ್ನೆ ಕಂಡರೆ, ಎಷ್ಟು ಚೆಂದದ ಸಹಿಯಿದ್ದರೂ ಎದ್ದು ಬರಬಹುದು.

ಅದೇ ಪಂಥದ, ಬೆಲ್ಜಿಯಂನ ರೆನೆ ಮಾಗ್ರಿಟ್‌ನ ವಿಷಯ ವಂಚನೆಯದಲ್ಲ, ಆದರೆ ತಿಳಿದಿರಬೇಕಾದದ್ದು. ಅವನು ತೀರಿಕೊಂಡದ್ದು 1967ರಲ್ಲಿ. ಈಗ ಸಂಖ್ಯೆ ಹಾಕಿ, ಮುದ್ರೆಯೊತ್ತಿ ಮಾರುವ ಮಾಗ್ರಿಟ್ ಲಿಥೋಗ್ರಾಫ್‌ಗಳಲ್ಲಿ ಹೆಚ್ಚಿನವು ಅವನ ತೈಲಚಿತ್ರಗಳನ್ನು ನೋಡಿ ವಾರಸುದಾರರ ಒಪ್ಪಿಗೆಯಿಂದ ಮರಣಾನಂತರ ತೆಗೆದವು. ಅವುಗಳಲ್ಲಿ ಕಾಣುವ ಸಹಿಯೂ ಚಿತ್ರದ ಜೊತೆಗೇ ಅಚ್ಚಾದದ್ದು. ಅವು ರವಿವರ್ಮನ ಲಕ್ಷ್ಮಿಯ ಸಾಲಿಗೆ ಸೇರುತ್ತವೆ, ಮಿರೊವಿನ ಸಾಲಿಗಲ್ಲ. ಹಾಗೆ ತಿಳಿದುಕೊಂಡು ಕೊಂಡರೆ ತಪ್ಪೇನೂ ಇಲ್ಲ.

ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ 23/75 ಎಂದಿದ್ದರೆ, ಒಟ್ಟು 75ರಲ್ಲಿ ಇದು 23ನೆಯದೆಂದು ಗುರುತಿಸಿದ್ದಾರೆ ಎಂದಷ್ಟೇ ಅರ್ಥ. ಸಣ್ಣ ಸಂಖ್ಯೆಗೆ ಹೆಚ್ಚು ಬೆಲೆ ಎಂಬ ನಂಬಿಕೆ ಲಿಥೋಗ್ರಾಫಿನ ಮಟ್ಟಿಗೆ ಆಧಾರವಿಲ್ಲದ್ದು. ತಾಮ್ರದ ಸೂಕ್ಷ್ಮ ಗೆರೆಯಂತೆ ಕಲ್ಲು ಬೇಗನೆ ಸವೆಯುವುದಿಲ್ಲ, ಮತ್ತು ಒಣಗಿಸಿ ರಾಶಿ ಹಾಕಿದ ಹಾಳೆಗಳಿಗೆ ಸಂಖ್ಯೆ ಬರೆಯುವಾಗ ಅಚ್ಚಾದ ಕ್ರಮವನ್ನು ಯಾರೂ ಲೆಕ್ಕವಿಡುವುದಿಲ್ಲ.

ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆಯೊಂದಿದೆ. ಚಿನಿವಾರರು ಬಳಸುವಂಥ ಹತ್ತು ಪಟ್ಟು ಹಿಗ್ಗಿಸುವ ಮಸೂರವೊಂದನ್ನು ತೆಗೆದುಕೊಂಡು ಮೊದಲು ಮನೆಯಲ್ಲಿರುವ ಯಕ್ಷಗಾನದ ಬಣ್ಣದ ಕರಪತ್ರವನ್ನೋ ಮದುವೆಯ ಕಾಗದವನ್ನೋ ನೋಡಿ. ವೇಷಧಾರಿಯ ಮುಖವೆಲ್ಲ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳಾಗಿ, ಅಚ್ಚುಕಟ್ಟಾದ ಹೂವಿನ ವಿನ್ಯಾಸದಲ್ಲಿ ಒಡೆದುಕೊಳ್ಳುತ್ತದೆ. ಅದು ಆಫ್‌ಸೆಟ್, ಈಗಿನ ಸಾಮಾನ್ಯ ಯಂತ್ರಮುದ್ರಣ. ಅದೇ ಮಸೂರವನ್ನು ಮಿರೊವಿನ ಕೆಂಪಿನ ಮೇಲೆ ಹಿಡಿದರೆ ಚುಕ್ಕೆಗಳಿಲ್ಲ, ಬರೀ ಕೆಂಪು ಶಾಯಿ. ಬಳಪದ ಗೆರೆಯ ಅಂಚಿನಲ್ಲಿ ಕಲ್ಲಿನ ಮೈಯ ತರಿ, ಕ್ರಮವಿಲ್ಲದ ಸಣ್ಣ ಕಣಗಳಾಗಿ ಕಾಣುತ್ತದೆ. ಮಾರುವವರು ‘ಆಫ್‌ಸೆಟ್ ಲಿಥೋಗ್ರಾಫ್’ ಎಂದು ಬರೆದಿದ್ದರೆ ಅದು ಸುಳ್ಳಲ್ಲ, ಆಫ್‌ಸೆಟ್ ಯಂತ್ರವೂ ಎಣ್ಣೆ-ನೀರಿನ ತತ್ತ್ವದ್ದೇ. ಆದರೆ ಹೆಚ್ಚಿನ ಪಾಲು ಅದು ಛಾಯಾಚಿತ್ರದಿಂದ ಮಾಡಿದ ಪೋಸ್ಟರು, ಅದಕ್ಕೆ ಪೋಸ್ಟರಿನ ಬೆಲೆಯೇ ಸಾಕು. ಚುಕ್ಕೆಗಳಿಲ್ಲದಿದ್ದ ಮಾತ್ರಕ್ಕೆ ಅಸಲಿಯೆಂದು ತೀರ್ಮಾನಿಸುವಂತೆಯೂ ಇಲ್ಲ. ಹಾಳೆಯ ಅಳತೆ, ಕಾಗದ, ಬಣ್ಣಗಳು ಆಯಾ ಕಲಾವಿದನ ಸೂಚಿಗ್ರಂಥದಲ್ಲಿರುವ ವಿವರಕ್ಕೆ ಹೊಂದಬೇಕು. ಮಿರೊ, ಡಾಲಿ ಇಬ್ಬರ ಪ್ರಿಂಟುಗಳಿಗೂ ಅಂಥ ಸೂಚಿಗಳಿವೆ.

ಕೊಂಡ ಮೇಲಿನ ಕಷ್ಟ ನಮ್ಮ ಕಡೆಯ ಮಳೆಗಾಲದ್ದು. ಹತ್ತಿಕಾಗದ ಗಟ್ಟಿಯಾದದ್ದೇ, ಆದರೆ ಆಟಿ ತಿಂಗಳಿನ ತೇವದಲ್ಲಿ ಅದರ ಮೇಲೂ ಕಂದುಚುಕ್ಕೆಗಳ ಬೂಷ್ಟು ಏಳುತ್ತದೆ, ಹೊಳೆಯುವ ಬಾಲಹುಳಗಳು ಅಂಚನ್ನು ಕೆರೆಯುತ್ತವೆ. ಮಳೆಯ ಹೊಡೆತ ಬೀಳುವ ಮುರಕಲ್ಲಿನ ಹೊರಗೋಡೆಗೆ ತೂಗುಹಾಕದೆ ಒಳಗೋಡೆಯನ್ನು ಆರಿಸಬೇಕು, ಚೌಕಟ್ಟಿನ ಹಿಂದೆ ಗಾಳಿಯಾಡಲು ಬೆರಳಿನಷ್ಟು ಎಡೆ ಬಿಡಬೇಕು, ಗಾಜು ಹಾಳೆಗೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಅಂಚು ಹಾಕಿಸಬೇಕು. ಚೌಕಟ್ಟಿಗೆ ಹೊಂದುವುದಿಲ್ಲವೆಂದು ಬಿಳಿ ಅಂಚನ್ನು ಕತ್ತರಿಸುವ ಅಭ್ಯಾಸ ನಮ್ಮ ಫ್ರೇಮಿನ ಅಂಗಡಿಗಳಲ್ಲಿ ಸಾಮಾನ್ಯ. ಎದುರಿಗೆ ನಿಂತು ತಡೆಯದೆ ಬೇರೆ ದಾರಿಯಿಲ್ಲ, ಏಕೆಂದರೆ ಅಂಚು ಹೋದ ಹಾಳೆಯ ಬೆಲೆ ಅಲ್ಲಿಗೇ ಬಿದ್ದುಹೋಗುತ್ತದೆ. ಸೆಲ್ಲೋಟೇಪು ಬೇಡ. ರೇಶನ್ ಕಾರ್ಡನ್ನು ಮಾಡಿಸಿದಂತೆ ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಅದನ್ನು ಬಿಡಿಸುವ ಉಪಾಯವಿಲ್ಲ. ಕೊಂಡ ರಶೀದಿ, ಮಾರಿದವರ ಪತ್ರ, ಸೂಚಿಗ್ರಂಥದ ಪುಟದ ಜೆರಾಕ್ಸು ಇವನ್ನು ಕೆಲವರು ಚೌಕಟ್ಟಿನ ಹಿಂದೆ ಅಂಟಿಸಿಬಿಡುತ್ತಾರೆ. ಗೆದ್ದಲು ಮೊದಲು ಬರುವುದು ಅಲ್ಲಿಗೇ ಆದ್ದರಿಂದ, ಜಾಗದ ಆಧಾರ ಇಟ್ಟಿರುವ ಕಪಾಟಿನಲ್ಲಿ ಒಂದು ಲಕೋಟೆಯೊಳಗೆ ಬೇರೆಯಾಗಿ ಇಡುವುದು ಮೇಲು.